ಮೇಷ್ಟ್ರ ಸಲಹೆಯೂ ವೈದ್ಯವೃತ್ತಿಯ ಬಾಗಿಲುಗಳೂ

ಅಮೆರಿಕದಲ್ಲಿರುವ ನನ್ನ ಅಕ್ಕನ ಮೊಮ್ಮಗಳು ಯುಗಾದಿಯ ಮಾರನೆಯ ದಿನ ದೂರವಾಣಿಯಲ್ಲಿ ಮಾತನಾಡುತ್ತಾ, "ತಾತ, ನಾಳೆ ನನಗೆ ಪ್ರೀ-ಹೆಲ್ತ್ ಅಡ್ವೈಸರ್ ಹತ್ತಿರ ಅಪಾಯಿಂಟ್‌ಮೆಂಟ್ ಇದೆ" ಎಂದಳು. ಹಾಗೆಂದರೇನೆಂದು ಕೇಳಿದೆ. ವೈದ್ಯಳಾಗಬೇಕೋ, ದಂತವೈದ್ಯಳಾಗಬೇಕೋ, ಔಷಧಶಾಸ್ತ್ರ ಓದಬೇಕೋ, ಅಂಗಮರ್ದನಚಿಕಿತ್ಸೆ ಎಂದು ನಾವು ಹಿಂದೆ ಕರೆಯುತ್ತಿದ್ದ ಫಿಸಿಯೋಥೆರಪಿ ಕಲಿಯಬೇಕೋ ಎಂಬುದನ್ನು ಕಾಲೇಜಿನ ವಿದ್ಯಾರ್ಥಿಗಳೊಡನೆ ಕುಳಿತು ಚರ್ಚಿಸುವುದಕ್ಕೆಂದೇ ಅಲ್ಲಿನ ಕಾಲೇಜುಗಳು ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಂಡಿವೆಯಂತೆ. ಯಾವ ವಿಷಯಗಳನ್ನು ಓದಬೇಕು, ಪ್ರವೇಶ ಪರೀಕ್ಷೆಯನ್ನು ಯಾವಾಗ ಬರೆಯಬೇಕು, ಆಸ್ಪತ್ರೆಯಲ್ಲಿ ಎಷ್ಟು ದಿನ ಸ್ವಯಂಸೇವೆ ಮಾಡಿ ನೋಡಬೇಕು, ಸ್ಥಾನ ಸಿಗದಿದ್ದರೆ ಮುಂದೇನು, ಇವೆಲ್ಲವನ್ನೂ ಹೇಳುವುದು ಅವರ ಉದ್ಯೋಗ.

ಮಾತು ಮುಗಿದ ಮೇಲೆ ನಾನು ಬಹಳ ಹೊತ್ತು ಜಗಲಿಯ ಮೇಲೆ ಕುಳಿತಿದ್ದೆ. ಮೂವತ್ತಾರು ವರ್ಷಗಳ ಕಾಲ ಸಂಬಳವಿಲ್ಲದೆ, ಯಾರೂ ನೇಮಿಸದೆ, ಬಹುಮಟ್ಟಿಗೆ ವಿಷಯವೂ ತಿಳಿಯದೆ ನಾನು ಮಾಡಿದ ಕೆಲಸ ಅದೇ ಅಲ್ಲವೇ? ನಿಮ್ಮಲ್ಲಿ ಅನೇಕರ ತಂದೆತಾಯಿಗಳು ಫಲಿತಾಂಶದ ಮಾರನೆಯ ದಿನ ನಮ್ಮ ಮನೆಯ ಜಗಲಿಗೆ ಬಂದು, "ನೀವೇ ಹೇಳಿ ಮೇಷ್ಟ್ರೇ, ಹುಡುಗನ್ನ ಏನು ಓದಿಸೋಣ?" ಎಂದು ಕೇಳಿದವರು. ನಾನು ಹೇಳಿದೆ. ಹೇಳಿದ್ದರಲ್ಲಿ ಕೆಲವು ಸರಿಯಾದವು, ಕೆಲವು ತಪ್ಪಿದವು. ಆ ಲೆಕ್ಕವನ್ನು ಒಪ್ಪಿಸುವ ಮೊದಲು, ಈ ಬಾಗಿಲುಗಳು ಹೇಗೆ ತೆರೆದವು, ಹೇಗೆ ಮುಚ್ಚಿದವು ಎಂಬ ಚರಿತ್ರೆಯನ್ನು ಸ್ವಲ್ಪ ನೋಡೋಣವೆನಿಸಿತು. ವಿಜ್ಞಾನದ ಮೇಷ್ಟ್ರಿಗೆ ಚರಿತ್ರೆಯ ಗೊಡವೆ ಏಕೆಂದು ನಮ್ಮ ಸಮಾಜವಿಜ್ಞಾನದ ಸಹೋದ್ಯೋಗಿಗಳು ನಗಬಾರದು.

ಮೊದಲು ಆ ಹುಡುಗಿಯ ದೇಶದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅಲ್ಲಿಯ ಕಥೆಯಲ್ಲಿ ನಮ್ಮ ಜಾತಿಯವನೊಬ್ಬನಿದ್ದಾನೆ. ನಮ್ಮ ಜಾತಿ ಎಂದರೆ ಮೇಷ್ಟ್ರ ಜಾತಿ. ಅಬ್ರಹಾಂ ಫ್ಲೆಕ್ಸ್‌ನರ್ ಎಂಬಾತ ಕೆಂಟುಕಿ ರಾಜ್ಯದ ಲೂಯಿವಿಲ್ ಪಟ್ಟಣದಲ್ಲಿ ಪ್ರೌಢಶಾಲಾ ಶಿಕ್ಷಕನಾಗಿದ್ದು, ಆಮೇಲೆ ಸ್ವಂತ ಶಾಲೆಯನ್ನು ನಡೆಸಿದವನು. ವೈದ್ಯಶಾಸ್ತ್ರವನ್ನು ಓದಿದವನೇ ಅಲ್ಲ. ಕಾರ್ನೆಗಿ ಪ್ರತಿಷ್ಠಾನ ಆತನನ್ನು ಕರೆದು ಅಮೆರಿಕ ಮತ್ತು ಕೆನಡಾಗಳ ವೈದ್ಯಶಾಲೆಗಳನ್ನೆಲ್ಲ ನೋಡಿ ವರದಿ ಕೊಡಲು ಹೇಳಿತು. ಆತ 155 ಶಾಲೆಗಳನ್ನು ನೋಡಿ 1910ರಲ್ಲಿ ವರದಿ ಪ್ರಕಟಿಸಿದ. ಶಾಲೆಗೆ ಹೋದೊಡನೆ ಪ್ರಯೋಗಾಲಯ ತೋರಿಸಿ ಎನ್ನುವುದು, ಸೇರಿದ ಹುಡುಗರು ಮೊದಲು ಏನು ಓದಿದ್ದಾರೆಂದು ದಾಖಲೆ ಕೇಳುವುದು, ಹೀಗೆ ನಮ್ಮ ತನಿಖಾಧಿಕಾರಿಗಳು ಮಾಡಬೇಕಾದ ಕೆಲಸವನ್ನೇ ಆತ ಮಾಡಿದ್ದು. ಎಷ್ಟೋ ಕಡೆ ವಿವರಣಪತ್ರಿಕೆಯಲ್ಲಿ ಹೊಗಳಿಕೊಂಡಿದ್ದ ಪ್ರಯೋಗಾಲಯ ನೆಲದ ಮೇಲೆ ಇರಲೇ ಇಲ್ಲ. ಪ್ರೌಢಶಾಲೆಯನ್ನೂ ಮುಗಿಸದ ಹುಡುಗರು ಶುಲ್ಕ ಕೊಟ್ಟು ವೈದ್ಯರಾಗುತ್ತಿದ್ದರು. ವೈದ್ಯಶಾಲೆಗೆ ಸೇರುವ ಮೊದಲು ರಸಾಯನಶಾಸ್ತ್ರ, ಭೌತಶಾಸ್ತ್ರ, ಜೀವಶಾಸ್ತ್ರಗಳನ್ನು ಕಾಲೇಜಿನಲ್ಲಿ ಎರಡು ವರ್ಷವಾದರೂ ಓದಿರಬೇಕೆಂದು ಆತ ಹೇಳಿದ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವೈದ್ಯಶಾಲೆಯಂತೂ 1893ರಲ್ಲಿ ತೆರೆದಾಗಿನಿಂದಲೇ ಪದವಿ ಪಡೆದವರಿಗೆ ಮಾತ್ರ ಪ್ರವೇಶ ಕೊಡುತ್ತಿತ್ತು. ಪದವಿ ಮೊದಲು, ವೈದ್ಯಶಿಕ್ಷಣ ಆಮೇಲೆ ಎಂಬ ಪದ್ಧತಿ ಅಲ್ಲಿ ಹೀಗೆ ಬಲವಾಯಿತು. 1928ರಲ್ಲಿ ಪ್ರವೇಶಕ್ಕೆ ಅಭಿರುಚಿ ಪರೀಕ್ಷೆಯೂ ಬಂದಿತು. ವೈದ್ಯಶಾಲೆಯ ಬಾಗಿಲಿಗೆ ಮುಂಚೆ ನಾಲ್ಕು ವರ್ಷಗಳ ನಡುಮನೆಯೊಂದು ಕಟ್ಟಿಕೊಂಡಿತು; ನಡುಮನೆಯಲ್ಲಿ ದಾರಿ ತೋರಿಸುವವರೂ ಬೇಕಾದರು.

ಇಷ್ಟು ಹೇಳಿ ಫ್ಲೆಕ್ಸ್‌ನರ್‌ನನ್ನು ಹೊಗಳಿ ಬಿಡಬಹುದಾಗಿತ್ತು. ಆದರೆ ಆತನ ವರದಿಯ ನಂತರದ ವರ್ಷಗಳಲ್ಲಿ ಮುಚ್ಚಿಹೋದ ಶಾಲೆಗಳಲ್ಲಿ ಕಪ್ಪು ಜನರಿಗೆಂದು ಇದ್ದ ಏಳು ಶಾಲೆಗಳ ಪೈಕಿ ಐದು ಸೇರಿದ್ದವು. ಹೋವರ್ಡ್ ಮತ್ತು ಮೆಹ್ಯಾರಿ ಎಂಬ ಎರಡೇ ಉಳಿದವು. ಮುಚ್ಚಿದ ಶಾಲೆಗಳಲ್ಲಿ ಕೆಟ್ಟವೂ ಇದ್ದುವೆನ್ನುವುದು ನಿಜ. ಆದರೆ ಅವುಗಳನ್ನು ಬಿಟ್ಟರೆ ಬೇರೆ ಬಾಗಿಲೇ ಇಲ್ಲದವರಿಗೆ ಯಾರೂ ಹೊಸ ಬಾಗಿಲನ್ನು ಕಟ್ಟಿಕೊಡಲಿಲ್ಲ. ಹೊಸ್ತಿಲನ್ನು ಎತ್ತರಿಸಿದಾಗ ಹೊರಗೆ ಉಳಿಯುವವರು ಯಾರು ಎಂಬ ಈ ಪ್ರಶ್ನೆಯನ್ನು ನೆನಪಿನಲ್ಲಿಡಿ. ನಮ್ಮ ಕಥೆಯಲ್ಲಿಯೂ ಅದು ಬರುತ್ತದೆ.

ನಮ್ಮ ದೇಶದಲ್ಲಿ ಪಾಶ್ಚಾತ್ಯ ವೈದ್ಯಪದ್ಧತಿಯ ಶಿಕ್ಷಣ ನೆಲೆಯೂರಿದ್ದು 1835ರಲ್ಲಿ. ಕಲ್ಕತ್ತೆಯಲ್ಲಿಯೂ ಮದರಾಸಿನಲ್ಲಿಯೂ ಅದೇ ವರ್ಷ ವೈದ್ಯಶಾಲೆಗಳು ಆರಂಭವಾದವು. ಮುಂಬಯಿಯ ಗ್ರಾಂಟ್ ವೈದ್ಯಕಾಲೇಜು 1845ರದು. ಮೈಸೂರು ಸೀಮೆಯ ಹುಡುಗ ವೈದ್ಯಪದವಿ ಪಡೆಯಬೇಕಾದರೆ ಬಹಳ ಕಾಲ ಮದರಾಸಿಗೋ ಮುಂಬಯಿಗೋ ಹೋಗಬೇಕಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1924ರಲ್ಲಿ, ಮೈಸೂರು ವೈದ್ಯಕಾಲೇಜು ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಸ್ಥಳಾಂತರವಾಯಿತು. ಹೆಸರು ಮೈಸೂರಿನದು, ಹುಟ್ಟಿದ್ದು ಬೆಂಗಳೂರಿನಲ್ಲಿ ಎಂಬುದು ರಸಪ್ರಶ್ನೆ ಸ್ಪರ್ಧೆಗಳಲ್ಲಿ ನಿಮ್ಮನ್ನೆಲ್ಲ ಕೆಡವಲು ನಾನು ಬಳಸುತ್ತಿದ್ದ ಪ್ರಶ್ನೆ. ನೆನಪಿದೆಯೇ?

ಆ ಕಾಲದ ಹೆಣ್ಣುಮಕ್ಕಳಿಗೆ ಸಲಹೆ ಕೊಡುವವರು ಯಾರಿದ್ದರು? ಮದರಾಸಿನ ವೈದ್ಯಕಾಲೇಜು 1875ರಲ್ಲಿ ಮೇರಿ ಶಾರ್ಲೀಬ್ ಮತ್ತು ಇನ್ನು ಮೂವರು ಮಹಿಳೆಯರನ್ನು ಸೇರಿಸಿಕೊಂಡಿತು. ಅದೇ ಕಾಲೇಜಿನಿಂದ 1912ರಲ್ಲಿ ಪದವಿ ಪಡೆದ ಮುತ್ತುಲಕ್ಷ್ಮಿ ರೆಡ್ಡಿಯವರ ತಂದೆ ಪುದುಕ್ಕೋಟೆಯ ಮಹಾರಾಜ ಕಾಲೇಜಿನ ಮುಖ್ಯಸ್ಥರಾಗಿದ್ದವರು. ಗಂಡುಮಕ್ಕಳ ಕಾಲೇಜಿಗೆ ಮಗಳನ್ನು ಸೇರಿಸುವುದಕ್ಕೆ ಎದ್ದ ವಿರೋಧವನ್ನು ಅಲ್ಲಿಯ ಮಹಾರಾಜರೇ ಬದಿಗೊತ್ತಬೇಕಾಯಿತು. ಮೇಷ್ಟ್ರ ಮಗಳಿಗೂ ಮಹಾರಾಜರ ಅಪ್ಪಣೆ ಬೇಕಾದ ಕಾಲವದು. ಉಳಿದವರ ಪಾಡನ್ನು ನೀವೇ ಊಹಿಸಬಹುದು.

ವೆಲ್ಲೂರಿನ ಪ್ರಸಂಗವೊಂದು ನನಗೆ ಬಹಳ ಇಷ್ಟವಾದದ್ದು. ಅಮೆರಿಕದ ಮಿಷನರಿ ವೈದ್ಯೆ ಐಡಾ ಸ್ಕಡರ್ ಅವರು 1918ರಲ್ಲಿ ಅಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಶಾಲೆ ತೆರೆಯಲು ಹೊರಟರು. ಮೂವರು ಅರ್ಜಿ ಹಾಕಿದರೆ ನಿಮ್ಮ ಪುಣ್ಯ ಎಂದು ತಿಳಿದವರು ಅನುಮಾನಪಟ್ಟರಂತೆ. ಬಂದ ಅರ್ಜಿಗಳು 151. ಆ ಅನುಮಾನಪಟ್ಟವರೇನೂ ದುಷ್ಟರಾಗಿರಲಿಲ್ಲ. ಅನುಭವಿಗಳು, ತಿಳಿದವರು, ತಮ್ಮ ಕಣ್ಣಿಗೆ ಕಂಡ ಸಮಾಜದ ಲೆಕ್ಕದಲ್ಲಿ ಮಾತನಾಡಿದವರು. ಆದರೆ ಆ 151 ಮನೆಗಳ ಒಳಗೆ ಏನು ನಡೆದಿತ್ತೆಂಬುದು ಅವರಿಗೆ ಕಾಣಿಸಿರಲಿಲ್ಲ. ಈ ಪ್ರಸಂಗವನ್ನು ನಾನು ಓದಿದ್ದು ನಿವೃತ್ತಿಯಾದ ಮೇಲೆ. ಮೂವತ್ತು ವರ್ಷ ಮೊದಲೇ ಓದಿದ್ದರೆ ಚೆನ್ನಾಗಿತ್ತು.

ವೆಲ್ಲೂರಿನ ಆ ಶಾಲೆಯಲ್ಲಿ ಮೊದಲು ಕಲಿಸುತ್ತಿದ್ದದ್ದು ಪದವಿಯನ್ನಲ್ಲ, ಎಲ್.ಎಂ.ಪಿ. ಎಂಬ ಪರವಾನಗಿ ಶಿಕ್ಷಣವನ್ನು. ಈ ಮೂರು ಅಕ್ಷರಗಳು ನಿಮ್ಮಲ್ಲಿ ಚಿಕ್ಕವರಿಗೆ ಅಪರಿಚಿತ. ನನ್ನ ಬಾಲ್ಯದಲ್ಲಿ ನಮ್ಮ ಹೋಬಳಿಗೆಲ್ಲ ಇದ್ದ ಒಬ್ಬರೇ ಡಾಕ್ಟರು ಎಲ್.ಎಂ.ಪಿ. ಡಾಕ್ಟರು. ಮೆಟ್ರಿಕ್ಯುಲೇಷನ್ ಮುಗಿಸಿ ನೇರವಾಗಿ ವೈದ್ಯಶಾಲೆಗೆ ಸೇರಿ ಕಲಿತವರು. ಸೈಕಲ್ಲಿನ ಹಿಂದೆ ಚರ್ಮದ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದರು. ಬಣ್ಣದ ಮಿಕ್ಸ್ಚರನ್ನು ನಾವೇ ಒಯ್ದ ಸೀಸೆಗೆ ತುಂಬಿ, ಕಾಗದದ ಪಟ್ಟಿಯನ್ನು ಹಲ್ಲು ಹಲ್ಲಾಗಿ ಕತ್ತರಿಸಿ ಸೀಸೆಗೆ ಅಂಟಿಸಿ, ಒಂದು ಹಲ್ಲಿಗೆ ಒಂದು ವೇಳೆ ಎಂದು ತೋರಿಸುತ್ತಿದ್ದರು. ಓದು ಬಾರದ ನಮ್ಮಜ್ಜಿಗೂ ಔಷಧದ ಅಳತೆ ತಪ್ಪುತ್ತಿರಲಿಲ್ಲ. ನಗರದಿಂದ ಬಂದ ಪದವೀಧರ ವೈದ್ಯರು ಇವರನ್ನು ಕೊಂಚ ಕೆಳಗಣ್ಣಿನಿಂದ ನೋಡುತ್ತಿದ್ದರೆಂಬುದು ನನಗೆ ಆಮೇಲೆ ತಿಳಿಯಿತು.

ಈ ಶಿಕ್ಷಣಕ್ಕೆ ಕೊನೆ ಹಾಡಲು ಸೂಚಿಸಿದ್ದು ಸರ್ ಜೋಸೆಫ್ ಭೋರ್ ಅವರ ಸಮಿತಿ. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಈ ಸಮಿತಿ ಸ್ವತಂತ್ರ ಭಾರತದ ಆರೋಗ್ಯವ್ಯವಸ್ಥೆಯ ನಕ್ಷೆಯನ್ನೇ ಬರೆಯಿತೆನ್ನಬೇಕು. ಇಂದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆ ಅಲ್ಲಿಯದೇ. ಆಗಿನ ಬ್ರಿಟಿಷ್ ಭಾರತದಲ್ಲಿ ಸುಮಾರು 6,300 ಜನರಿಗೆ ಒಬ್ಬ ವೈದ್ಯ, 43,000 ಜನರಿಗೆ ಒಬ್ಬ ನರ್ಸ್ ಎಂದು ಸಮಿತಿ ಲೆಕ್ಕ ಕೊಟ್ಟಿತು. ಆದರೆ ಎರಡು ದರ್ಜೆಯ ವೈದ್ಯರು ಇರಬಾರದು, ಒಂದೇ ಮಟ್ಟದ ಪದವೀಧರ ವೈದ್ಯರಿರಬೇಕು ಎಂದೂ ಹೇಳಿತು. ಸಮಿತಿಯೊಳಗೆ ಭಿನ್ನಮತವಿತ್ತು, ಇಷ್ಟು ಕೊರತೆಯ ದೇಶದಲ್ಲಿ ಅಲ್ಪಾವಧಿಯ ಶಿಕ್ಷಣವನ್ನು ಕೆಲವು ಕಾಲವಾದರೂ ಉಳಿಸಬೇಕೆಂದು ಕೆಲವು ಸದಸ್ಯರು ವಾದಿಸಿದರು. ಅವರ ಮಾತು ನಡೆಯಲಿಲ್ಲ. ಎಲ್.ಎಂ.ಪಿ. ಶಾಲೆಗಳು ಮುಚ್ಚಿದವು, ಇಲ್ಲವೇ ಕಾಲೇಜುಗಳಾದವು. ವೆಲ್ಲೂರಿನದು ಅದಕ್ಕೂ ಮೊದಲೇ, 1942ರಲ್ಲಿ, ಎಂ.ಬಿ.ಬಿ.ಎಸ್. ಕಾಲೇಜಾಗಿತ್ತು.

ರೋಗಿಗೆ ಒಳ್ಳೆಯ ವೈದ್ಯ ಸಿಗಬೇಕೆಂಬ ಸಮಿತಿಯ ಆಶಯವನ್ನು ನಾನು ಹಳಿಯುವುದಿಲ್ಲ. ಆದರೆ ಹಳ್ಳಿಯ ಪ್ರೌಢಶಾಲೆಯ ಕಿಟಕಿಯಿಂದ ನೋಡಿದವನಿಗೆ ಕಾಣುವುದು ಬೇರೆ. ಹತ್ತನೆಯ ತರಗತಿಯಿಂದ ನೇರವಾಗಿ ಏರಬಹುದಾಗಿದ್ದ ಏಣಿಯೊಂದು ಹೋಯಿತು. ಅಲ್ಲಿಂದ ಮುಂದೆ ವೈದ್ಯವೃತ್ತಿಗೆ ಉಳಿದದ್ದು ಒಂದೇ ಬಾಗಿಲು. ಒಂದೇ ಬಾಗಿಲಿದ್ದ ಕಡೆ ನೂಕುನುಗ್ಗಲು ಆಗದೆ ಇರುತ್ತದೆಯೇ?

ನಮ್ಮ ರಾಜ್ಯದಲ್ಲಿ ಆ ನೂಕುನುಗ್ಗಲಿನ ಕಥೆ ನಿಮಗೆ ಹೆಚ್ಚುಕಡಿಮೆ ಗೊತ್ತಿರುವುದೇ. ಮಣಿಪಾಲದಲ್ಲಿ ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರಬಾ ವೈದ್ಯಕಾಲೇಜನ್ನು ಸ್ಥಾಪಿಸಿ ಖಾಸಗಿ ವೈದ್ಯಶಿಕ್ಷಣದ ದಾರಿ ತೆರೆದರು. ಬೆಂಗಳೂರಿನ ಸರ್ಕಾರಿ ವೈದ್ಯಕಾಲೇಜು 1955ರಲ್ಲಿ, ಹುಬ್ಬಳ್ಳಿಯದು 1957ರಲ್ಲಿ ಬಂದವು. ಅರವತ್ತರ ದಶಕದಲ್ಲಿ ಬೆಳಗಾವಿ, ಕಲಬುರಗಿ, ಬಳ್ಳಾರಿ, ದಾವಣಗೆರೆಗಳಿಗೂ ವೈದ್ಯಶಿಕ್ಷಣ ತಲುಪಿತು. ಕಾಲೇಜುಗಳೊಂದಿಗೆ ಕ್ಯಾಪಿಟೇಷನ್ ಎಂಬ ಶಬ್ದವೂ ಕನ್ನಡಕ್ಕೆ ಬಂದಿತು. 1984ರಲ್ಲಿ ರಾಜ್ಯವು ಅದನ್ನು ನಿಷೇಧಿಸುವ ಕಾಯ್ದೆ ಮಾಡಿತು. ಕಾಯ್ದೆಯಡಿ 1989ರಲ್ಲಿ ಹೊರಟ ಅಧಿಸೂಚನೆಯಂತೆ ಖಾಸಗಿ ವೈದ್ಯಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಉತ್ತರಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಇದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಳು. 1992ರಲ್ಲಿ ಆಕೆಯ ಪರವಾಗಿ ತೀರ್ಪು ಬಂದಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಖಾಸಗಿ ಕಾಲೇಜಿನ ಅರ್ಧ ಸೀಟುಗಳನ್ನು ಉಚಿತ, ಅರ್ಧವನ್ನು ಪಾವತಿ ಸೀಟುಗಳೆಂದು ವಿಂಗಡಿಸಿತು. ಸಿ.ಇ.ಟಿ. ಎಂಬ ಮೂರಕ್ಷರ ಹಳ್ಳಿಹಳ್ಳಿಯ ಮನೆಮಾತಾದದ್ದು ಅದರ ನಂತರ. 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಆ ಏರ್ಪಾಡನ್ನೂ ಕದಲಿಸಿತು. ದೇಶದ ವೈದ್ಯಪ್ರವೇಶದ ಕಾನೂನನ್ನು ರೂಪಿಸಿದ ಇಷ್ಟೊಂದು ಮೊಕದ್ದಮೆಗಳು ನಮ್ಮ ರಾಜ್ಯದ ಹೆಸರನ್ನು ಹೊತ್ತಿರುವುದು ಹೆಮ್ಮೆಯೋ ಅಲ್ಲವೋ ನನಗೆ ತಿಳಿಯದು.

ಈ ಎಲ್ಲ ತೀರ್ಪುಗಳ ಕಾಲದಲ್ಲಿ ನಾನು ಹಳ್ಳಿಯ ಶಾಲೆಯಲ್ಲಿದ್ದೆ. ಪತ್ರಿಕೆ ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು. ಅದರಲ್ಲಿ ಓದಿದ್ದೇ ನನ್ನ ಬಂಡವಾಳ. ಬಿ.ಎಡ್. ತರಗತಿಯಲ್ಲಿ ಮಾರ್ಗದರ್ಶನ ಮತ್ತು ಸಲಹೆ ಎಂಬ ಪಾಠವೊಂದಿತ್ತು. ಅದರಲ್ಲಿ ವ್ಯಾಖ್ಯೆಗಳಿದ್ದವೇ ಹೊರತು ಯಾವ ಅರ್ಜಿ ಎಲ್ಲಿ ಸಿಗುತ್ತದೆಂಬ ಮಾತಿರಲಿಲ್ಲ. ಹುಡುಗ ಜಾಣನಾದರೆ ವೈದ್ಯ ಅಥವಾ ಇಂಜಿನಿಯರು, ಮಧ್ಯಮನಾದರೆ ಟಿ.ಸಿ.ಎಚ್. ಅಥವಾ ಐ.ಟಿ.ಐ., ಇದು ನನ್ನ ಸಲಹೆಯ ಇಡೀ ಶಾಸ್ತ್ರ. ಆರೋಗ್ಯಕ್ಷೇತ್ರದಲ್ಲಿ ವೈದ್ಯರಲ್ಲದೆ ಬೇರೆ ಯಾರಾದರೂ ಇರುತ್ತಾರೆಂಬುದು ನನ್ನ ಮನಸ್ಸಿಗೆ ಹೊಳೆಯುತ್ತಿರಲಿಲ್ಲ. ಮೈಸೂರಿನ ಮಾನಸಗಂಗೋತ್ರಿಯ ಪಕ್ಕದಲ್ಲೇ 1965ರಿಂದ ವಾಕ್ ಶ್ರವಣ ಸಂಸ್ಥೆ ಇತ್ತು. ಮಾತು ತೊದಲುವ ಮಗುವನ್ನು ಅಲ್ಲಿಗೆ ಕರೆದೊಯ್ಯಿರೆಂದು ಪೋಷಕರಿಗೆ ನಾನೇ ಹೇಳಿದ್ದುಂಟು. ಆ ಮಗುವಿಗೆ ಚಿಕಿತ್ಸೆ ಕೊಡುವವರು ಎಲ್ಲೋ ಓದಿ ಬಂದಿರುತ್ತಾರೆ, ನನ್ನ ವಿದ್ಯಾರ್ಥಿಯೂ ಅದನ್ನು ಓದಬಹುದು ಎಂಬ ಯೋಚನೆ ಮಾತ್ರ ಒಮ್ಮೆಯೂ ಬರಲಿಲ್ಲ.

ಈಗ ಲೆಕ್ಕ ಒಪ್ಪಿಸುತ್ತೇನೆ. ಹೆಸರುಗಳನ್ನು ಹೇಳುವುದಿಲ್ಲ.

1991ರ ಬೇಸಗೆಯಲ್ಲಿ ನಮ್ಮ ಶಾಲೆಯಲ್ಲಿ ಓದಿ, ಪಿ.ಯು.ಸಿ. ಮುಗಿಸಿದ್ದ ಇಬ್ಬರು ಹುಡುಗಿಯರು ನರ್ಸಿಂಗ್ ಶಿಕ್ಷಣದ ಅರ್ಜಿ ಹಿಡಿದುಕೊಂಡು ಮನೆಗೆ ಬಂದರು. ತುಂಬಲು ಸಹಾಯ ಬೇಕಾಗಿತ್ತು. ಒಬ್ಬಳ ಜೊತೆಯಲ್ಲಿ ಅವಳ ತಂದೆಯೂ ಬಂದಿದ್ದರು. ವಿಜ್ಞಾನದಲ್ಲಿ ಅವಳು ಬಹಳ ಚುರುಕು. ಕಪ್ಪೆಯ ಹೃದಯದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ನನಗಿಂತ ಚೆನ್ನಾಗಿ ಬರೆಯುತ್ತಿದ್ದವಳು. ನಾನು ಅರ್ಜಿಯನ್ನು ಬದಿಗಿಟ್ಟು, "ಇಷ್ಟು ಜಾಣ ಹುಡುಗಿಯನ್ನು ನರ್ಸ್ ಕೆಲಸಕ್ಕೆ ಹಾಕುತ್ತೀರಾ? ರಾತ್ರಿಪಾಳಿ, ಕಂಡವರ ಸೇವೆ, ನಾಳೆ ಮದುವೆಗೂ ತೊಂದರೆ. ಬಿ.ಎಸ್ಸಿ.ಗೆ ಸೇರಿಸಿ" ಎಂದೆ. ಅವಳ ತಂದೆಗೆ ಬೇಕಾಗಿದ್ದದ್ದೂ ಅದೇ ಮಾತೆಂದು ಕಾಣುತ್ತದೆ. ಹುಡುಗಿ ಏನೂ ಹೇಳಲಿಲ್ಲ. ಅರ್ಜಿಯನ್ನು ಮಡಿಸಿ ಪುಸ್ತಕದೊಳಗೆ ಇಟ್ಟುಕೊಂಡಳು. ಇನ್ನೊಬ್ಬಳಿಗೆ ತಂದೆ ಇರಲಿಲ್ಲ, ತಾಯಿ ಕೂಲಿಗೆ ಹೋಗುತ್ತಿದ್ದರು. ನನ್ನ ಅಭಿಪ್ರಾಯವನ್ನು ಕೇಳುವವರಿರಲಿಲ್ಲವಾದ್ದರಿಂದ ಅವಳ ಅರ್ಜಿಯನ್ನು ತುಂಬಿ ಕೊಟ್ಟೆ.

ನಾನು ಆಡಿದ ಮಾತು ನನ್ನ ಸ್ವಂತದ್ದಾಗಿರಲಿಲ್ಲ, ಊರಿನ ಮಾತು. ಮದರಾಸಿನ ಸರ್ಕಾರಿ ಆಸ್ಪತ್ರೆಯಲ್ಲಿ 1871ರಲ್ಲೇ ನರ್ಸುಗಳ ತರಬೇತಿ ಆರಂಭವಾಗಿತ್ತು. 1946ರಲ್ಲಿ ವೆಲ್ಲೂರಿನಲ್ಲಿಯೂ ದೆಹಲಿಯಲ್ಲಿಯೂ ನರ್ಸಿಂಗ್ ಪದವಿ ಶಿಕ್ಷಣ ಬಂದಿತು. 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆಯಾಯಿತು. ಇಷ್ಟಾದರೂ ನಮ್ಮ ಕಡೆಯ ಮನೆಗಳಲ್ಲಿ ಆ ವೃತ್ತಿಗೆ ಮರ್ಯಾದೆ ಇರಲಿಲ್ಲ. ಮೈಲಿಗೆಯನ್ನು ಮುಟ್ಟುವ ಕೆಲಸ, ಗಂಡಸರ ಮೈ ಮುಟ್ಟುವ ಕೆಲಸ ಎಂಬ ಎರಡು ಅಂಜಿಕೆಗಳು ಅದರ ಹಿಂದೆ ಇದ್ದವು. ಕೇರಳದ ಮನೆಗಳು ಹೆಣ್ಣುಮಕ್ಕಳನ್ನು ಬೆಂಗಳೂರಿನ, ಮಂಗಳೂರಿನ ನರ್ಸಿಂಗ್ ಶಾಲೆಗಳಿಗೆ ಸಾಲ ಮಾಡಿ ಕಳುಹಿಸುತ್ತಿದ್ದಾಗ, ಅದೇ ಶಾಲೆಗಳಿಂದ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದಲ್ಲಿದ್ದ ನಾವು ಮೂಗು ಮುರಿಯುತ್ತಿದ್ದೆವು. ಮೂರು ಆರೋಗ್ಯಪುಸ್ತಕಗಳಿದ್ದ ನಮ್ಮ ಶಾಲೆಯ ಬೀರುವಿನಲ್ಲಿ ಡಾ. ಅನುಪಮಾ ನಿರಂಜನರ 'ತಾಯಿ-ಮಗು' ಒಂದಾಗಿತ್ತು. ಅದನ್ನು ಅತಿ ಹೆಚ್ಚು ಬಾರಿ ಒಯ್ದವಳ ಹೆಸರು ವಿತರಣಾ ಪುಸ್ತಕದಲ್ಲಿ ನನ್ನ ಕಣ್ಣೆದುರೇ ಇತ್ತು. ಅದರ ಅರ್ಥವನ್ನು ನಾನು ಓದಲಿಲ್ಲ.

ಅವಳು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಮದುವೆಯಾಗಿ ಓದು ನಿಲ್ಲಿಸಿದಳು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾಗಿ ಆಶಾ ಕಾರ್ಯಕರ್ತೆಯರ ಯೋಜನೆ ಬಂದಾಗ, ತನ್ನ ಗಂಡನ ಊರಿನಲ್ಲಿ ಆಶಾ ಆಗಿ ಸೇರಿಕೊಂಡಳು. ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಲಸಿಕೆಗೆ ಮಕ್ಕಳನ್ನು ಕೂಡಿಸುವುದು, ಕ್ಷಯರೋಗಿ ಮಾತ್ರೆ ನುಂಗಿದನೋ ಇಲ್ಲವೋ ನೋಡುವುದು ಅವಳ ಕೆಲಸ. ನರ್ಸ್ ಆಗಿದ್ದರೆ ಸಂಬಳ, ಬಡ್ತಿ, ನಿವೃತ್ತಿವೇತನ ಬರುತ್ತಿತ್ತು. ಆಶಾ ಎಂದರೆ ಕಾಗದದ ಮೇಲೆ ಸ್ವಯಂಸೇವಕಿ, ಕೈಗೆ ಬರುವುದು ಗೌರವಧನ ಮತ್ತು ಪ್ರೋತ್ಸಾಹಧನ. 2020ರಲ್ಲಿ ಕೊರೋನಾ ಮನೆಮನೆಗೆ ಹೊಕ್ಕಾಗ ಅವಳು ಮನೆಮನೆಯ ಸಮೀಕ್ಷೆಗೆ ಹೋದಳು. ಅದೇ ಜುಲೈ ತಿಂಗಳಿನಲ್ಲಿ ರಾಜ್ಯದ ಆಶಾಗಳು 12,000 ರೂಪಾಯಿ ಮಾಸಿಕ ಗೌರವಧನಕ್ಕಾಗಿ ಕೆಲಸ ನಿಲ್ಲಿಸಿ ಹೋರಾಡಿದಾಗ ಅವಳೂ ತಾಲ್ಲೂಕು ಕಚೇರಿಯ ಎದುರು ಕುಳಿತಿದ್ದಳು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳನ್ನು ಗೌರವಿಸಿತೆಂಬ ಸುದ್ದಿಯನ್ನು ಓದಿ ನಾನು ಅವಳಿಗೆ ದೂರವಾಣಿ ಮಾಡಿದೆ. "ಹೌದು ಸಾರ್, ಎಲ್ಲರೂ ಹೇಳ್ತಿದಾರೆ" ಎಂದಳು, ಅಷ್ಟೇ. ಅಂದು ಜೊತೆಯಲ್ಲಿ ಬಂದಿದ್ದ ಇನ್ನೊಬ್ಬಳು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಹಿರಿಯ ಶುಶ್ರೂಷಕಿ.

ಎರಡನೆಯದು ಹುಡುಗನ ಪ್ರಕರಣ. ರಾಜ್ಯದ ವೃತ್ತಿಶಿಕ್ಷಣದ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲು ಇರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಅದರಿಂದಲೇ ಸೀಟು ಪಡೆದವರೂ ಇದ್ದೀರಿ. ಇದಕ್ಕೆ ಒಂದರಿಂದ ಹತ್ತನೆಯ ತರಗತಿಯವರೆಗೆ ಹತ್ತೂ ವರ್ಷ ಗ್ರಾಮೀಣ ಶಾಲೆಯಲ್ಲಿ, ಅಥವಾ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಒಂದು ವರ್ಷ ತಪ್ಪಿದರೂ ಹೋಯಿತು. 2004ರಲ್ಲಿ ಏಳನೆಯ ತರಗತಿ ಮುಗಿಸಿದ ಹುಡುಗನೊಬ್ಬನ ತಂದೆಗೆ, "ಇಲ್ಲಿ ಪ್ರಯೋಗಾಲಯವಿಲ್ಲ, ಇಂಗ್ಲಿಷ್ ಕಲಿಸುವವರಿಲ್ಲ, ಪಟ್ಟಣದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಿ" ಎಂದು ಸಲಹೆ ಮಾಡಿದವನು ನಾನೇ. ನನ್ನ ಶಾಲೆಯ ಒಬ್ಬ ಒಳ್ಳೆಯ ವಿದ್ಯಾರ್ಥಿಯನ್ನು ಕಳೆದುಕೊಂಡಾದರೂ ಅವನಿಗೆ ಒಳ್ಳೆಯದಾಗಲೆಂದು ಹೇಳಿದ್ದು. 2009ರಲ್ಲಿ ಅವನ ಸಿ.ಇ.ಟಿ. ಶ್ರೇಯಾಂಕ ನೋಡಿ ಲೆಕ್ಕ ಹಾಕಿದೆವು. ಗ್ರಾಮೀಣ ವರ್ಗದಲ್ಲಿ ಸೀಟು ಸಿಗುವಂತಿತ್ತು, ಸಾಮಾನ್ಯ ವರ್ಗದಲ್ಲಿ ಸಿಗುವಂತಿರಲಿಲ್ಲ. ಮುಖ್ಯೋಪಾಧ್ಯಾಯರು ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಗಳು ಮೇಲುರುಜು ಹಾಕಬೇಕಾದ ವ್ಯಾಸಂಗ ಪ್ರಮಾಣಪತ್ರದ ನಮೂನೆಯನ್ನು ಅವನ ತಂದೆ ನನ್ನ ಮುಂದೆ ಹಿಡಿದರು. ಎಂಟು, ಒಂಬತ್ತು, ಹತ್ತು ಎಂಬ ಮೂರು ಸಾಲುಗಳಲ್ಲಿ ಬರೆಯಲು ಏನಿದೆ? "ಮೂರೇ ವರ್ಷ ಅಲ್ವಾ ಮೇಷ್ಟ್ರೇ, ಏನಾದ್ರೂ ಮಾಡಕ್ಕಾಗಲ್ವಾ?" ಎಂದು ಕೇಳಿದರು. ಆಗದು ಎಂದೆ. ನಿಯಮ ನನಗೆ ಐದು ವರ್ಷ ಮೊದಲೇ ತಿಳಿದಿರಬೇಕಾಗಿತ್ತು.

ಅವನು ಬಿ.ಎಸ್ಸಿ. ವೈದ್ಯಕೀಯ ಚಿತ್ರಣ ತಂತ್ರಜ್ಞಾನ ಓದಿದ. ಮೂರು ವರ್ಷಗಳ ಹಿಂದೆ ನನ್ನ ಮನೆಯಾಕೆಗೆ ತಲೆಯ ಸ್ಕ್ಯಾನ್ ಮಾಡಿಸಬೇಕಾಗಿ ಬಂದಾಗ, ಆ ಕೋಣೆಯೊಳಗೆ ನೀಲಿ ಬಟ್ಟೆ ತೊಟ್ಟು ನಿಂತಿದ್ದವನು ಅವನೇ. "ಅಮ್ಮಾ, ಅಲ್ಲಾಡಬೇಡಿ, ನಾನು ಇಲ್ಲೇ ಇದೀನಿ" ಎಂದು ಅವಳ ಹೆದರಿಕೆ ಬಿಡಿಸಿದ. ಒಳ್ಳೆಯ ಕೆಲಸದಲ್ಲಿದ್ದಾನೆ, ನೆಮ್ಮದಿಯಾಗಿದ್ದಾನೆ. ಹೀಗಾಗಿ ನನ್ನ ತಪ್ಪು ಸರಿಯಾಯಿತೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವನು ಆ ದಾರಿಯನ್ನು ಆರಿಸಿಕೊಂಡು ಬಂದವನಲ್ಲ.

ಸೀಟು ಸಿಕ್ಕವರ ಕಷ್ಟವನ್ನೂ ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಎಂ.ಬಿ.ಬಿ.ಎಸ್. ಸೇರಿದ ನಮ್ಮ ಶಾಲೆಯ ಮೊದಲ ಹುಡುಗ ಮೊದಲ ವರ್ಷ ನನಗೆ ಒಳನಾಡು ಪತ್ರದಲ್ಲಿ ಬರೆದಿದ್ದ: "ಸಾರ್, ಜೀವಕೋಶ ಅಂದರೆ ನನಗೆ ಚೆನ್ನಾಗಿ ಗೊತ್ತು. ಇಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ." ಅಂಗರಚನಾಶಾಸ್ತ್ರದಲ್ಲಿ ಒಮ್ಮೆ ಅನುತ್ತೀರ್ಣನಾದ. ಸೀಟು ಸಿಗುವವರೆಗೆ ಮಾತ್ರ ನನ್ನ ಜವಾಬ್ದಾರಿ ಎಂದು ತಿಳಿದಿದ್ದ ನನಗೆ ಆ ಪತ್ರ ದೊಡ್ಡ ಪಾಠ. ಅಂದಿನಿಂದ ಹತ್ತನೆಯ ತರಗತಿಗೆ ವಾರಕ್ಕೊಂದು ಅವಧಿ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಬರೆಸಲು ತೊಡಗಿದೆ. ಅದನ್ನು 'ಶಿಕ್ಷೆಯ ಪಿರಿಯಡ್' ಎಂದು ನೀವು ಕರೆಯುತ್ತಿದ್ದುದು ನನಗೆ ಗೊತ್ತಿತ್ತು. ಆ ಹುಡುಗ ಈಗ ಮಕ್ಕಳ ವೈದ್ಯ. ರೋಗಿಗಳೊಡನೆ ಶುದ್ಧ ಕನ್ನಡದಲ್ಲಿ ಮಾತನಾಡುತ್ತಾನೆಂದು ಊರೆಲ್ಲ ಹೇಳುತ್ತದೆ.

ಆಮೇಲೆ ಬಂದದ್ದು ನೀಟ್. 2013ರ ಮೇ ತಿಂಗಳಲ್ಲಿ ಮೊದಲ ಬಾರಿ ನಡೆಯಿತು, ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿತು, 2016ರ ಏಪ್ರಿಲ್‌ನಲ್ಲಿ ಆ ತೀರ್ಪನ್ನು ಅದೇ ನ್ಯಾಯಾಲಯ ಹಿಂಪಡೆಯಿತು. ಆ ವರ್ಷ ಹುಡುಗರು ಯಾವ ಪರೀಕ್ಷೆಗೆ ಓದಬೇಕೆಂದು ತಿಳಿಯದೆ ಪಟ್ಟ ಪಾಡು ಹೇಳತೀರದು; ಕೊನೆಗೆ ಸುಗ್ರೀವಾಜ್ಞೆ ಬಂದು ರಾಜ್ಯದ ಸರ್ಕಾರಿ ಸೀಟುಗಳಿಗೆ ಆ ಒಂದು ವರ್ಷ ಸಿ.ಇ.ಟಿ. ಉಳಿಯಿತು. 2017ರಿಂದ ಕನ್ನಡದಲ್ಲಿಯೂ ನೀಟ್ ಬರೆಯಬಹುದಾಯಿತು. ಒಂದೇ ದೇಶ, ಒಂದೇ ಪರೀಕ್ಷೆ, ಕ್ಯಾಪಿಟೇಷನ್ ಹಾವಳಿಗೆ ಕಡಿವಾಣ, ಇವುಗಳ ಪ್ರಯೋಜನ ನನಗೆ ಕಾಣದೆ ಇಲ್ಲ. ಆದರೆ ಪಿ.ಯು.ಸಿ. ಮುಗಿಸಿ ಒಂದು, ಎರಡು, ಕೆಲವರು ಮೂರು ವರ್ಷ 'ಲಾಂಗ್ ಟರ್ಮ್' ಎಂದು ನಗರದ ಕೋಣೆಗಳಲ್ಲಿ ಕುಳಿತ ಹುಡುಗರನ್ನು ಕಂಡಾಗ, ಭೋರ್ ಸಮಿತಿಯ ಒಂದೇ ಬಾಗಿಲು ನೆನಪಾಗುತ್ತದೆ. ಎರಡನೆಯ ಸಲ ಬರೆಯುವುದು ಸರಿಯೇ ಎಂದು ಕೇಳುವ ಪೋಷಕರಿಗೆ ನಾನು ಈಗ ಉತ್ತರವನ್ನೇ ಕೊಡುವುದಿಲ್ಲ. ಮೊದಲು ಹುಡುಗನನ್ನು ಒಬ್ಬನೇ ಕಳುಹಿಸಿ ಎನ್ನುತ್ತೇನೆ. ಅವನನ್ನು ಕೇಳುವ ಪ್ರಶ್ನೆ ಒಂದೇ: ಆಸ್ಪತ್ರೆಯೊಳಗೆ ರೋಗಿಯಾಗಿ ಅಲ್ಲದೆ ಒಂದು ದಿನವಾದರೂ ಕಳೆದಿದ್ದೀಯಾ? ಹೌದೆಂದವರು ಇದುವರೆಗೆ ಇಬ್ಬರು.

ಬಾಗಿಲುಗಳು ಈಗ ಹೆಚ್ಚಿವೆ ಎಂಬುದನ್ನೂ ಅವರಿಗೆ ತಿಳಿಸುತ್ತೇನೆ. 2021ರಲ್ಲಿ ಸಂಸತ್ತು ಆರೋಗ್ಯ ಪೂರಕ ವೃತ್ತಿಗಳಿಗೆಂದು ರಾಷ್ಟ್ರೀಯ ಆಯೋಗದ ಕಾಯ್ದೆಯನ್ನು ಮಾಡಿತು. ಅದರ ಅನುಸೂಚಿಯಲ್ಲಿ ಹತ್ತು ವರ್ಗಗಳಲ್ಲಿ ಐವತ್ತಕ್ಕೂ ಹೆಚ್ಚು ವೃತ್ತಿಗಳಿವೆ: ಪ್ರಯೋಗಾಲಯದವರು, ಡಯಾಲಿಸಿಸ್ ನಡೆಸುವವರು, ಅರಿವಳಿಕೆಯ ಸಹಾಯಕರು, ಕಣ್ಣು ಪರೀಕ್ಷಿಸುವವರು, ಪಥ್ಯ ಹೇಳುವವರು. ಆ ಪಟ್ಟಿಯನ್ನು ಮುದ್ರಿಸಿ ಜಗಲಿಯ ಗೋಡೆಗೆ ಅಂಟಿಸಿದ್ದೇನೆ. ಬಂದವರು ಓದುತ್ತಾರೋ ಇಲ್ಲವೋ, ನಾನಂತೂ ದಿನಕ್ಕೊಮ್ಮೆ ಓದುತ್ತೇನೆ.

ನಾನು ನಿವೃತ್ತನಾಗಿ ಮೂರು ವರ್ಷಗಳಾಗಿದ್ದವು. 2023ರ ಬೇಸಗೆಯ ಒಂದು ಬೆಳಿಗ್ಗೆ ಆ ಆಶಾ ಕಾರ್ಯಕರ್ತೆ ತನ್ನ ಕಿರಿಯ ಮಗಳೊಂದಿಗೆ ಬಂದಳು. ಆ ವರ್ಷ ಬಿ.ಎಸ್ಸಿ. ನರ್ಸಿಂಗ್ ಪ್ರವೇಶವನ್ನೂ ಸಿ.ಇ.ಟಿ.ಗೆ ಸೇರಿಸಿದ್ದರು. ಹುಡುಗಿ ಹತ್ತು ವರ್ಷವೂ ಹಳ್ಳಿಯ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವಳು. ತಾಯಿ ಚೀಲದಿಂದ ವ್ಯಾಸಂಗ ಪ್ರಮಾಣಪತ್ರದ ನಮೂನೆಗಳನ್ನು ತೆಗೆದು ಮೇಜಿನ ಮೇಲಿಟ್ಟಳು. "ಸಾರ್, ನೀವೊಂದು ಸಲ ನೋಡಿಬಿಡಿ" ಎಂದಳು. ನಾನು ಅಭಿಪ್ರಾಯವನ್ನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಹತ್ತು ಸಾಲುಗಳನ್ನು ಒಂದೊಂದಾಗಿ ಓದಿದೆ. ಐದನೆಯ ತರಗತಿಯ ಸಾಲಿನಲ್ಲಿ ವರ್ಷ ತಪ್ಪು ನಮೂದಾಗಿತ್ತು. ಹುಡುಗಿಯೊಂದಿಗೆ ಅವಳ ಶಾಲೆಗೆ ಹೋಗಿ, ದಾಖಲಾತಿ ಪುಸ್ತಕ ತೆಗೆಸಿ, ಮುಖ್ಯೋಪಾಧ್ಯಾಯರಿಂದ ತಿದ್ದಿಸಿ, ಹನ್ನೆರಡೂವರೆಯ ಬಸ್ಸಿಗೆ ತಾಲ್ಲೂಕಿಗೆ ಹೋದೆವು. ಬಸ್ಸಿನಲ್ಲಿ ಅವಳಿಗೆ, ಕಾಲೇಜು ಆರಿಸುವಾಗ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ, ಸ್ವಂತ ಆಸ್ಪತ್ರೆ ಇದೆಯೇ, ಅದರಲ್ಲಿ ನಿಜವಾಗಿ ರೋಗಿಗಳಿದ್ದಾರೆಯೇ ಎಂಬುದನ್ನು ನೋಡಬೇಕೆಂದು ಹೇಳಿದೆ. ಹೇಳುವಾಗ ಆ ಕೆಂಟುಕಿಯ ಮೇಷ್ಟ್ರು ನೆನಪಾದ. ಕ್ಷೇತ್ರ ಶಿಕ್ಷಣಾಧಿಕಾರಿಗಳು ಊಟಕ್ಕೆ ಹೋಗಿದ್ದರು. ಮೂರು ಗಂಟೆಯವರೆಗೆ ಕಚೇರಿಯ ಬೆಂಚಿನ ಮೇಲೆ ಕಾದು ಕುಳಿತೆವು. ಅವಳು ಚೀಲದಿಂದ ಜೀವಶಾಸ್ತ್ರದ ಪುಸ್ತಕ ತೆಗೆದು ಓದತೊಡಗಿದಳು.